ಆಲೂಗಡ್ಡೆಗೆ ಎರಡು ಬೀಗದ ಕೈ

ಬಳ್ಳಾರಿಯಲ್ಲಿ ವರ್ಷಕ್ಕೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ಹೊರಗಿನವರು ನಮ್ಮನ್ನು ನೋಡಿ ನಗುತ್ತಾರೆ. ಇಂಥ ಊರಿನಲ್ಲಿ ಕೈಯಿಂದ ದುಡ್ಡು ಕೊಟ್ಟು ಇನ್ನೊಂದಿಷ್ಟು ಬಿಸಿಯನ್ನು ಮನೆಗೆ ತರುವವರು ಇದ್ದಾರೆಯೇ? ಇದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಈ ಬೇಸಿಗೆ ರಜೆ ಶುರುವಾದ ವಾರ ನನ್ನ ಮಗ ಒಂದು ಓವನ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿದ. ಗಾಜಿನ ಬಾಗಿಲು, ಪಕ್ಕದಲ್ಲಿ ತಿರುಗಿಸುವ ಮೂರು ಗುಂಡಿ. ದೂರದಿಂದ ನೋಡಿದರೆ ಸಣ್ಣ ತಿಜೋರಿಯ ಹಾಗೆ ಕಾಣುತ್ತದೆ. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಚೌಕಾಕಾರದ ಯಾವ ಪೆಟ್ಟಿಗೆ ಕಂಡರೂ ತಿಜೋರಿಯೇ ನೆನಪಾಗುತ್ತದೆ ಬಿಡಿ.

ಮೊದಲು ಮನೆಯ ಜನರ ಪರಿಚಯ. ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ನಾನು ಮೊಮ್ಮಕ್ಕಳನ್ನು ಹೆಸರು ಹಿಡಿದು ಬರೆಯುವುದಿಲ್ಲ. ಒಬ್ಬಳು ‘ಎಂಟನೇ ಕ್ಲಾಸು’, ಇನ್ನೊಬ್ಬ ‘ನಾಲ್ಕನೇ ಕ್ಲಾಸು’. ಪ್ರತಿ ಜೂನ್ ತಿಂಗಳಲ್ಲಿ ಇಬ್ಬರ ಹೆಸರೂ ಬದಲಾಗುತ್ತದೆ. ನಮ್ಮ ಮನೆಯಾಕೆಯ ತವರು ಸಿರುಗುಪ್ಪ. ಸೊಸೆಯ ತವರು ಕುರುಗೋಡು. ಹೀಗಾಗಿ ನಮ್ಮ ಅಡುಗೆಮನೆಯಲ್ಲಿ ಸಿರುಗುಪ್ಪದ ಅಕ್ಕಿಗೂ ಕುರುಗೋಡಿನ ಮೆಣಸಿನಕಾಯಿಗೂ ಒಳ್ಳೆಯ ಬೀಗತನ.

ಓವನ್ ಬಂದದ್ದಕ್ಕೆ ಕಾರಣ ನಮ್ಮ ಮನೆಯಾಕೆಯ ಬಲಗೈ. ಎರಡು ವರ್ಷದಿಂದ ಮಣಿಕಟ್ಟು ನೋವು. ಈಚೆಗೆ ಭಾರದ ಪಾತ್ರೆ ಹಿಡಿದರೆ ಕೈ ನಡುಗುತ್ತದೆ. ಯುಗಾದಿ ಆದಮೇಲೆ ಒಂದು ಸಂಜೆ ಆಲೂಗಡ್ಡೆ ಬೋಂಡಾ ಕರಿಯುತ್ತಿದ್ದಾಗ ಜಾಲರಿ ಕೈಜಾರಿ ಕಾದ ಎಣ್ಣೆಯೊಳಗೆ ಬಿತ್ತು. ಎಣ್ಣೆ ಒಲೆಯ ಸುತ್ತ ಸಿಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿಯೇ ಮಗ-ಸೊಸೆ ಸೇರಿ ತೀರ್ಪು ಕೊಟ್ಟರು: “ಅಮ್ಮ, ಇನ್ನು ಮೇಲೆ ನೀವು ಎಣ್ಣೆ ಬಾಂಡ್ಲಿ ಮುಂದೆ ನಿಲ್ಲಬಾರದು.”

“ಹಂಗಾದ್ರೆ ಬೋಂಡಾ ಯಾರು ಮಾಡ್ತಾರ?” ಅಂತ ಆಕೆ ಕೇಳಿದಳು.

“ಓವನ್ ಮಾಡ್ತದೆ” ಅಂದಳು ಎಂಟನೇ ಕ್ಲಾಸು.

ಆಕೆ ಏನೂ ಮಾತಾಡದೆ ಜಾಲರಿಯನ್ನು ತೊಳೆದು ಗೋಡೆಯ ಮೊಳೆಗೆ ಸಿಕ್ಕಿಸಿದಳು. ಯುದ್ಧ ಶುರುವಾಯಿತು ಅಂತ ನನಗೆ ಆಗಲೇ ಗೊತ್ತಾಯಿತು.

ಯುದ್ಧಕ್ಕೆ ಮೊದಲು ಬೇಕಾದದ್ದು ಮದ್ದುಗುಂಡು, ಅಂದರೆ ಆಲೂಗಡ್ಡೆ. ಅದನ್ನು ತರುವ ಕೆಲಸ ನನ್ನದು. ನಾಲ್ಕನೇ ಕ್ಲಾಸು ಚೀಲ ಹಿಡಿದು ಜೊತೆಗೆ ಬಂದ. ನಮ್ಮ ಜಿಲ್ಲೆಯಲ್ಲಿ ಭತ್ತ, ಮೆಣಸಿನಕಾಯಿ, ಹತ್ತಿ, ಜೋಳ ಏನು ಬೇಕಾದರೂ ಕೇಳಿ; ಆಲೂಗಡ್ಡೆ ಮಾತ್ರ ನಮ್ಮ ಎರೆ ಹೊಲದ ಬೆಳೆಯಲ್ಲ. ಕರ್ನಾಟಕದಲ್ಲಿ ಅದರ ತವರು ಹಾಸನ, ಕೋಲಾರ, ಚಿಕ್ಕಬಳ್ಳಾಪುರದ ಕಡೆ. ಹಾಸನದ ರೈತರು ಮುಂಗಾರಿನ ಆರಂಭದಲ್ಲಿ ನೆಡುವ ಬಿತ್ತನೆ ಗಡ್ಡೆ ಬಹಳ ಮಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಅಲ್ಲಿ ಹೆಸರುವಾಸಿಯಾದ ತಳಿ ‘ಕುಫ್ರಿ ಜ್ಯೋತಿ’. ಕುಫ್ರಿ ಎಂಬುದು ಶಿಮ್ಲಾ ಹತ್ತಿರದ ಊರು. ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಹುಟ್ಟಿ, 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಅವರು ಬೆಳೆಸಿದ ತಳಿಗಳಿಗೆಲ್ಲ ಕುಫ್ರಿ ಎಂಬುದೇ ಮನೆತನದ ಹೆಸರು.

“ತಾತ, ಆಲೂಗಡ್ಡೆ ಬೇರು ಅಲ್ವಾ?” ಅಂತ ಹುಡುಗ ಕೇಳಿದ.

“ಅಲ್ಲ. ಗೆಣಸು ಬೇರು. ಆಲೂಗಡ್ಡೆ ಮಣ್ಣಿನೊಳಗೆ ಬೆಳೆದ ಕಾಂಡ. ಇದರ ಮೈಮೇಲೆ ಸಣ್ಣ ಗುಳಿ ಕಾಣುತ್ತವಲ್ಲ, ಅವುಗಳಿಗೆ ಕಣ್ಣು ಅಂತಾರೆ. ಒಂದೊಂದು ಕಣ್ಣೂ ಒಂದೊಂದು ಮೊಗ್ಗು. ಅದರಿಂದಲೇ ಹೊಸ ಗಿಡ ಬರುತ್ತದೆ.”

ಅವನು ಒಂದು ಗಡ್ಡೆ ಎತ್ತಿಕೊಂಡು ಕಣ್ಣು ಎಣಿಸತೊಡಗಿದ. ಅಂಗಡಿಯಾಕೆ, “ಏ ಹುಡುಗಾ, ನೀನು ಕಣ್ಣು ಎಣಿಸೋದು ಮುಗಿಯೋದ್ರೊಳಗೆ ನನ್ನ ಕಣ್ಣು ಮುಚ್ಚಿ ಹೋಗ್ತಾವು, ಜಲ್ದಿ ಆರಿಸ್ಕೋ” ಅಂದಳು. ಆರಿಸುವುದಕ್ಕೆ ನಮ್ಮದು ಬ್ಯಾಂಕಿನ ಪದ್ಧತಿ. ನೋಟು ನೋಡುವ ಹಾಗೆ ಒಂದೊಂದನ್ನೂ ತಿರುಗಿಸಿ ನೋಡುವುದು. ಸಿಪ್ಪೆ ಹಸಿರಾಗಿದ್ದರೆ ತಿರಸ್ಕಾರ. ಬೆಳಕಿಗೆ ಬಿದ್ದ ಆಲೂಗಡ್ಡೆ ಹಸಿರಾಗುತ್ತದೆ. ಹಾಗೆ ಆದಾಗ ಅದರಲ್ಲಿ ಸೊಲನಿನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಉದ್ದ ಮೊಳಕೆ ಬಂದು ಮೆತ್ತಗಾದದ್ದೂ ಬೇಡ. ಮನೆಗೆ ತಂದಮೇಲೆ ಫ್ರಿಜ್ಜಿನಲ್ಲಿ ಇಡಬಾರದು. ಅಲ್ಲಿಯ ಚಳಿಗೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಬೆಳಕು ಬೀಳದ, ಗಾಳಿ ಆಡುವ ಬುಟ್ಟಿಯೇ ಅದಕ್ಕೆ ಲಾಕರ್.

ಇನ್ನು ಹೆಸರಿನ ಜಗಳ. ನಾನು ಹುಟ್ಟಿದಾಗ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಊರು ರಾಜ್ಯ ಬದಲಿಸಿದರೂ ಬಾಯಿ ಬದಲಿಸಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಆಲೂಗಡ್ಡಿ ಅಂದರೆ, ಪಕ್ಕದ ತೆಲುಗು ಮನೆಯವರು ಬಂಗಾಳಾದುಂಪ ಅನ್ನುತ್ತಿದ್ದರು. ಬೆಂಗಳೂರು, ಕೋಲಾರದ ನೆಂಟರು ಬಂದರೆ ಉರುಳಗಡ್ಡೆ. ಹುಬ್ಬಳ್ಳಿ ಕಡೆಯವರಿಗೆ, ಕರಾವಳಿಯವರಿಗೆ ಬಟಾಟೆ. ಈ ಬಟಾಟೆ ಎಂಬ ಮಾತು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಫ್ರೆಂಚರು ಇದನ್ನು ‘ನೆಲದ ಸೇಬು’ ಅನ್ನುತ್ತಾರಂತೆ. “ಸೇಬಿನ ರೇಟು ಕೇಳಿದ್ರೆ ಗೊತ್ತಾಗ್ತಿತ್ತು ಅವರಿಗೆ” ಅಂದಳು ನಮ್ಮ ಮನೆಯಾಕೆ.

ಹೆಸರು ಎಷ್ಟೇ ಇರಲಿ, ಹುಟ್ಟೂರು ಒಂದೇ: ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳು. ಇವತ್ತಿನ ಪೆರು, ಬೊಲಿವಿಯಾ ದೇಶಗಳ ಕಡೆ ಸಾವಿರಾರು ವರ್ಷದಿಂದ ಬೆಳೆಯುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದರು. ನಮ್ಮ ಮೆಣಸಿನಕಾಯಿಯೂ ಟೊಮ್ಯಾಟೊವೂ ಅಮೆರಿಕ ಖಂಡದವೇ. ಇವೆಲ್ಲ ಒಂದೇ ಕುಲ, ಬದನೆಯ ಕುಲ. ಬದನೆಕಾಯಿ ಮಾತ್ರ ನಮ್ಮ ಕಡೆಯ ಹಳೆಯ ದಾಯಾದಿ. ಬದನೆಕಾಯಿ-ಆಲೂಗಡ್ಡೆ ಪಲ್ಯ ಮಾಡಿದಾಗ ಸಮುದ್ರದ ಆಚೆ ಈಚೆ ಇದ್ದ ಅಣ್ಣತಮ್ಮಂದಿರ ಮಕ್ಕಳು ಒಂದೇ ಬಾಂಡ್ಲಿಯಲ್ಲಿ ಭೇಟಿಯಾಗುತ್ತಾರೆ. ಹೊರಗಿನಿಂದ ಬಂದದ್ದಕ್ಕೇ ಇರಬೇಕು, ಹಲವು ಮನೆಗಳಲ್ಲಿ ತಿಥಿಯ ಅಡುಗೆಗೆ ಆಲೂಗಡ್ಡೆ ಸೇರಿಸುವುದಿಲ್ಲ. ಉಪವಾಸದ ದಿನ ಮಾತ್ರ ಬೇಕೇ ಬೇಕು!

ಮಕ್ಕಳೇ, ಈಗ ಓವನ್ ಕಡೆ ಬರೋಣ.

ಎಂಟನೇ ಕ್ಲಾಸು ಮೊದಲ ದಿನ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಉದ್ದುದ್ದ ಹೆಚ್ಚಿ, ಎಣ್ಣೆ, ಉಪ್ಪು, ಖಾರದ ಪುಡಿ ಕಲೆಸಿ ತಟ್ಟೆಗೆ ಸುರಿದಳು. ಸುರಿದದ್ದು ಹೇಗೆ? ಸಂಜೆ ಐದೂವರೆಯ ಸಿಟಿ ಬಸ್ಸಿನ ಹಾಗೆ. ಒಂದರ ಮೇಲೊಂದು, ಕೂರುವುದಕ್ಕೂ ಜಾಗವಿಲ್ಲ, ನಿಲ್ಲುವುದಕ್ಕೂ ಇಲ್ಲ. ಅರ್ಧ ಗಂಟೆ ಬಿಟ್ಟು ತೆಗೆದರೆ ಗರಿಗರಿ ಇಲ್ಲ, ಕೆಂಪಿಲ್ಲ, ಬೆವರಿ ಬಸವಳಿದ ಆಲೂಗಡ್ಡೆ.

ನಮ್ಮ ಮನೆಯಾಕೆ ಒಂದು ತುಂಡನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. “ಇಷ್ಟಕ್ಕ ಕರೆಂಟ್ ಯಾಕ? ಮಾಳಿಗಿ ಮ್ಯಾಗ ಇಟ್ಟಿದ್ರೆ ಬಳ್ಳಾರಿ ಬಿಸಿಲೇ ಬೇಯಿಸಿ ಕೊಡ್ತಿತ್ತು” ಅಂದಳು. ತಿನ್ನದೆ ವಾಪಸ್ ಇಟ್ಟಳು.

ಎಂಟನೇ ಕ್ಲಾಸಿನ ಮುಖ ಸಣ್ಣದಾಯಿತು. ಆದರೆ ಅವಳು ವಿಜ್ಞಾನದ ಪುಸ್ತಕ ಬಿಟ್ಟುಕೊಡುವವಳಲ್ಲ. ನಾನೂ ಅವಳೂ ಕೂತು ಲೆಕ್ಕ ಹಾಕಿದೆವು. ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ನೀರು. ಒಂದು ಕಿಲೋ ತಂದರೆ ಎಂಟುನೂರು ಗ್ರಾಂ ನೀರನ್ನೇ ಚೀಲದಲ್ಲಿ ಹೊತ್ತು ತಂದ ಹಾಗೆ. ನೀರು ಇರುವ ತನಕ ಆ ಜಾಗದ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಕೆಂಪಾಗಬೇಕಾದರೆ ಅದಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು. ಕುಕ್ಕರಿನಲ್ಲಿ ಎಷ್ಟು ಕೂಗಿಸಿದರೂ ಆಲೂಗಡ್ಡೆ ಕೆಂಪಾಗದಿರುವುದು ಇದಕ್ಕೇ. ಬೋಂಡಾ ಬಿಟ್ಟಾಗ ಎಣ್ಣೆ ಚುಂಯ್ ಅನ್ನುತ್ತದಲ್ಲ, ಅದು ಹೊರಗಿನ ನೀರು ಆವಿಯಾಗಿ ಓಡಿಹೋಗುವ ಸದ್ದು. ನೀರು ಹೋದಮೇಲೆ ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಬಿಸಿಗೆ ಸೇರಿ ಬಣ್ಣ, ವಾಸನೆ, ರುಚಿ ಹುಟ್ಟುತ್ತವೆ. ಲೂಯಿ ಕಮೀಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದ. ಇವತ್ತಿಗೂ ಅದು ಅವನ ಹೆಸರಿನಲ್ಲೇ ಇದೆ.

ಮರುದಿನ ಅವಳು ಕ್ರಮ ಬದಲಿಸಿದಳು. ಹೆಚ್ಚಿದ ಹೋಳುಗಳನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೇಲಿನ ಪಿಷ್ಟ ತೊಳೆದಳು. ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಟ್ಟು ತೆಗೆದು, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒರೆಸಿದಳು. ಅರ್ಧ ಕಿಲೋಗೆ ಎರಡು ಚಮಚ ಎಣ್ಣೆ. ಕುರುಗೋಡಿನ ಬೀಗತಿ ಕಳಿಸಿದ್ದ ಹೊಸ ಖಾರದ ಪುಡಿ, ಉಪ್ಪು. ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ಮೊದಲೇ 200 ಡಿಗ್ರಿಗೆ ಕಾಯಿಸಿದ ಓವನ್ನಿಗೆ ಇಟ್ಟಳು. ನಡುವೆ ಒಮ್ಮೆ ತಿರುವಿ, ಮೂವತ್ತೈದು ನಿಮಿಷ. ಹೊರಗೆ ಬಂದವು ನೋಡಿ, ಹೊನ್ನಿನ ಬಣ್ಣದ ಹೋಳುಗಳು! ಮಗ ತಿಂದ, ಸೊಸೆ ತಿಂದಳು. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಡಾಕ್ಟರು ಹೇಳಿದ ಲೆಕ್ಕದಷ್ಟು ನಾನೂ ತಿಂದೆ.

ಅಜ್ಜಿ ಮಾತ್ರ, “ನನಿಗೆ ಹಸಿವಿಲ್ಲ” ಅಂದು ದೇವರ ಕೋಣೆಗೆ ಹೋಗಿ ಹೂಬತ್ತಿ ಹೊಸೆಯುತ್ತ ಕೂತಳು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಹೂಬತ್ತಿ ಹೊಸೆಯುವುದಿಲ್ಲ.

ಆ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಮಕ್ಕಳಿಗೆ ಒಂದು ಕಥೆ ಹೇಳಿದೆ. 18ನೇ ಶತಮಾನದಲ್ಲಿ ಫ್ರಾನ್ಸಿನವರು ಆಲೂಗಡ್ಡೆ ಎಂದರೆ ಮೂಗು ಮುರಿಯುತ್ತಿದ್ದರು. ದನದ ಮೇವು, ಕಾಯಿಲೆ ತರುತ್ತದೆ ಎಂದು ಹೆದರುತ್ತಿದ್ದರು. ಪಾರ್ಮೆಂಟಿಯೆ ಎಂಬ ಔಷಧ ತಯಾರಕ ಯುದ್ಧದಲ್ಲಿ ಪ್ರಷ್ಯಾದವರ ಕೈಗೆ ಸೆರೆ ಸಿಕ್ಕು, ಸೆರೆಮನೆಯಲ್ಲಿ ಆಲೂಗಡ್ಡೆ ತಿಂದೇ ಬದುಕಿದ್ದ. ಊರಿಗೆ ಬಂದಮೇಲೆ ಇದು ಒಳ್ಳೆಯ ಆಹಾರ ಎಂದು ಎಷ್ಟು ಹೇಳಿದರೂ ಜನ ಕೇಳಲಿಲ್ಲ. ಆಗ ಅವನು ಪ್ಯಾರಿಸ್ ಹತ್ತಿರ ಒಂದು ಹೊಲದಲ್ಲಿ ಆಲೂಗಡ್ಡೆ ನೆಟ್ಟು, ಹಗಲೆಲ್ಲ ಸಿಪಾಯಿಗಳ ಕಾವಲು ಹಾಕಿಸಿದನಂತೆ. ರಾತ್ರಿ ಕಾವಲು ತೆಗೆಸುತ್ತಿದ್ದನಂತೆ. ‘ಇಷ್ಟು ಕಾವಲು ಇದೆ ಅಂದಮೇಲೆ ಭಾರಿ ಬೆಲೆಯ ವಸ್ತುವೇ ಇರಬೇಕು’ ಅಂತ ಜನ ರಾತ್ರಿ ಬಂದು ಕದ್ದು ಒಯ್ದರು, ತಿಂದರು, ಬೆಳೆದರು. ಕಥೆ ಹಾಗೆ ಹೇಳುತ್ತಾರೆ.

ನಾಲ್ಕನೇ ಕ್ಲಾಸು ಹಾಸಿಗೆಯ ಮೇಲೆ ಎದ್ದು ಕೂತ. “ತಾತ, ಹಂಗಾದ್ರೆ ನಾಳೆ ನಾನು ಸಿಪಾಯಿ” ಅಂದ.

ಮರುದಿನ ಮಧ್ಯಾಹ್ನ ಓವನ್ನಿನಿಂದ ತೆಗೆದ ಹನ್ನೆರಡು ಹೋಳುಗಳ ತಟ್ಟೆಯ ಮುಂದೆ ಅವನು ಕ್ರಿಕೆಟ್ ಬ್ಯಾಟು ಹೆಗಲಿಗಿಟ್ಟು ನಿಂತ. ತಟ್ಟೆಯ ಪಕ್ಕ ಒಂದು ಚೀಟಿ: ‘ಅಜ್ಜಿಗೆ ಪ್ರವೇಶವಿಲ್ಲ.’ ಅಜ್ಜಿ ನೀರು ಕುಡಿಯುವುದಕ್ಕೆ ಎರಡು ಸಲ ಬಂದು ಹೋದಳು. ಚೀಟಿ ಓದಿದಳು, ಏನೂ ಅನ್ನಲಿಲ್ಲ. ಮೂರು ಗಂಟೆಗೆ ಸಿಪಾಯಿ ಯುದ್ಧದ ಯೋಜನೆಯಂತೆ ಕಾವಲು ಬಿಟ್ಟು ಹೊರಗೆ ಹೋದ. ಕಾಲು ಗಂಟೆ ಬಿಟ್ಟು ಬಂದು ಎಣಿಸಿದರೆ ಒಂಬತ್ತು.

“ಅಜ್ಜಿ, ಮೂರು ಕಮ್ಮಿ ಅದಾವು!”

“ಬೆಕ್ಕು ಬಂದಿತ್ತು ನೋಡಪ್ಪ” ಅಂದಳು ಆಕೆ, ಸೆರಗಿನಿಂದ ಬಾಯಿ ಒರೆಸುತ್ತ.

“ಬೆಕ್ಕಿಗೆ ಖಾರ ಹತ್ತಲಿಲ್ಲೇನು?”

“ಖಾರ ಸರಿ ಇತ್ತಂತೆ. ಉಪ್ಪು ಸ್ವಲ್ಪ ಕಡಿಮಿ ಆಗಿತ್ತಂತೆ.”

ಮನೆಯೆಲ್ಲ ನಕ್ಕಿತು. ಆಕೆಯೂ ನಕ್ಕಳು. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಹತ್ತಿರ ಬೇರೆ ಮಾತು ಬಂತು.

“ಏನ್ರೀ, ಆ ಹುಡುಗಿ ಚೆಂದ ಮಾಡ್ಯಾಳ. ನಾನೇನು ಅಲ್ಲ ಅನ್ನಲ್ಲ. ನನ್ನ ಮಗ ಹೇಳಿದ್ದೂ ಸರಿ ಐತಿ, ಎಣ್ಣಿ ಚೆಲ್ಲಿದ್ರೆ ಯಾರಿಗೆ ಬೇಕು? ಆದ್ರೆ ನೋಡ್ರಿ, ಒಂದು ತಿಂಗಳಿಂದ ಎಲ್ರೂ ನನ್ನ ಕೈ ಹೆಂಗಿದೆ ಅಂತ ಕೇಳ್ತಾರ. ಉಪ್ಪು ಎಷ್ಟು ಹಾಕಬೇಕು ಅಂತ ಯಾರೂ ಕೇಳಲ್ಲ.”

ಅಜ್ಜ-ಅಜ್ಜಿಯರೇ, ಈ ಮಾತಿಗೆ ವಿವರಣೆ ಬೇಕಿಲ್ಲ, ನಿಮಗೆ ಅರ್ಥವಾಗಿರುತ್ತದೆ. ಮಕ್ಕಳಿಗೋಸ್ಕರ ಮಾತ್ರ ಹೇಳುತ್ತೇನೆ. ನಿಮ್ಮನ್ನು ಯಾರಾದರೂ ‘ನಿನ್ನ ಕಾಲಿಗೆ ಪೆಟ್ಟಾಗಿದೆ, ಆಡಬೇಡ’ ಅಂದರೆ ಸಹಿಸಿಕೊಳ್ಳುತ್ತೀರಿ. ಆದರೆ ‘ಸ್ಕೋರು ಬರೆಯೋದಕ್ಕೂ ನೀನು ಬೇಡ, ಎಷ್ಟು ರನ್ ಆಯ್ತು ಅಂತ ನಿನಗೆ ಹೇಳೋದೂ ಇಲ್ಲ’ ಅಂದರೆ? ಹಾಗೆ.

ಬ್ಯಾಂಕಿನಲ್ಲಿ ಹಣದ ತಿಜೋರಿಗೆ ಒಂದು ನಿಯಮವಿದೆ. ಅದಕ್ಕೆ ಎರಡು ಬೀಗದ ಕೈ. ಒಂದು ಒಬ್ಬರ ಹತ್ತಿರ, ಇನ್ನೊಂದು ಬೇರೊಬ್ಬರ ಹತ್ತಿರ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಎಷ್ಟು ದೊಡ್ಡ ಅಧಿಕಾರಿಯಾದರೂ ಒಬ್ಬನೇ ತೆರೆಯುವ ಹಾಗಿಲ್ಲ. ನಂಬಿಕೆ ಇಲ್ಲ ಅಂತ ಅಲ್ಲ. ಒಬ್ಬರ ಕೈಗೆ ಪೂರ್ತಿ ಭಾರ ಬೀಳಬಾರದು, ಒಬ್ಬರನ್ನು ಬಿಟ್ಟು ಕೆಲಸವೂ ಆಗಬಾರದು ಅಂತ. ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ನಾನು ಮನೆಯವರ ಮುಂದೆ ಈ ನಿಯಮವನ್ನು ಇಟ್ಟೆ. ಅಡುಗೆಮನೆಯ ತಿಜೋರಿಗೂ ಎರಡು ಬೀಗದ ಕೈ ಇರಲಿ. ಬಿಸಿ ಎತ್ತುವುದು, ಇಳಿಸುವುದು, ಓವನ್ನಿನ ತಟ್ಟೆ ತೆಗೆಯುವುದು ಮಗ-ಸೊಸೆಯ ಕೆಲಸ. ಹದ, ಉಪ್ಪು, ಖಾರ, ಒಗ್ಗರಣೆ ಅಜ್ಜಿಯ ಸಹಿ ಇಲ್ಲದೆ ಪಾಸಾಗುವ ಹಾಗಿಲ್ಲ. ಹೆಚ್ಚುವುದು, ಎಣಿಸುವುದು ನನ್ನದು. ಮಕ್ಕಳು ಎರಡೂ ಕಡೆ ಸಹಾಯಕರು.

ಮಗ ಒಪ್ಪಿದ. “ಆದ್ರೆ ಬೋಂಡಾ? ಎಣ್ಣೆ ಬಾಂಡ್ಲಿ ಬೇಡ ಅಂದ್ರೆ ಬೇಡ” ಅಂದ.

“ಬಾಂಡ್ಲಿ ಯಾರು ಕೇಳಿದ್ರು?” ಅಂದಳು ಅವನ ತಾಯಿ. “ಸಿರುಗುಪ್ಪದಿಂದ ನಿಮ್ಮ ಮಾವ ಬರ್ತಾನ. ಬಂದ ಮ್ಯಾಲೆ ನೋಡ್ರಿ.”

ಆಕೆ ಯಾರಿಗೂ ಹೇಳದೆ ಹಿಂದಿನ ದಿನವೇ ತಮ್ಮನಿಗೆ ಫೋನ್ ಮಾಡಿದ್ದಳು! ಭಾನುವಾರ ಬೆಳಿಗ್ಗೆ ನನ್ನ ಭಾವಮೈದುನ ತೆಕ್ಕಲಕೋಟೆ ದಾರಿಯ ಬಸ್ಸಿನಲ್ಲಿ ಬಂದಿಳಿದ. ಕೈಯಲ್ಲಿ ಹೊಸ ಅಕ್ಕಿ ಹಿಟ್ಟಿನ ಡಬ್ಬಿ, ಗೋಣಿಚೀಲದಲ್ಲಿ ಸುತ್ತಿದ ಅವರ ತಾಯಿಯ ಕಾಲದ ಪಡ್ಡಿನ ಹಂಚು. ಹನ್ನೆರಡು ಗುಳಿಯ ಕಬ್ಬಿಣದ ಹಂಚು. “ಭಾವ, ಬಸ್ಸಿನಾಗ ಕಂಡಕ್ಟರ್ ಇದಕ್ಕೂ ಟಿಕೆಟ್ ಕೇಳ್ತಾನೇನೋ ಅಂದ್ಕೊಂಡಿದ್ದೆ, ಅಷ್ಟು ಭಾರ ಐತಿ” ಅಂದ. ಮಧ್ಯಾಹ್ನದ ಹೊತ್ತಿಗೆ ಕುರುಗೋಡಿನ ಬೀಗತಿಯೂ ಬಂದರು. “ಅಕ್ಕಾರೇ, ನಿಮ್ಮ ಮನಿಯಾಗ ಆಲೂಗಡ್ಡಿ ಯುದ್ಧ ನಡದೈತಂತೆ, ನೋಡಾಕ ಬಂದೆ” ಅಂದರು. ಸುದ್ದಿ ಕುರುಗೋಡಿನವರೆಗೂ ಮುಟ್ಟಿತ್ತು.

ಪಡ್ಡು ಅಂದರೆ ಗೊತ್ತಲ್ಲ, ದೋಸೆ ಹಿಟ್ಟನ್ನು ಗುಳಿಗೆ ಹಾಕಿ ಬೇಯಿಸುವ ಉಂಡೆ. ಅದೇ ಗುಳಿಯಲ್ಲಿ ಬೋಂಡಾ ಬೇಯಿಸಿದರೆ? ತುಂಬಿದ ಎಣ್ಣೆ ಬೇಡ, ಭಾರದ ಜಾಲರಿ ಎತ್ತುವುದು ಬೇಡ, ಎಣ್ಣೆ ಚೆಲ್ಲುವ ಭಯವಿಲ್ಲ. ಅಜ್ಜಿ ಒಂದು ಎತ್ತರದ ಕುರ್ಚಿಯ ಮೇಲೆ ಕೂತು ಅಪ್ಪಣೆ ಕೊಟ್ಟಳು. ನಾನು ಪಕ್ಕದಲ್ಲಿ ನಿಂತು ಬರೆದುಕೊಂಡ ಲೆಕ್ಕ ಇಲ್ಲಿದೆ.

ಆಲೂಗಡ್ಡೆ ಅರ್ಧ ಕಿಲೋ, ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಕೈಯಿಂದ ಒಡೆದದ್ದು. ನುಣ್ಣಗೆ ರುಬ್ಬಿದರೆ ಅಂಟಾಗುತ್ತದೆ, ಅಲ್ಲಲ್ಲಿ ಸಣ್ಣ ತುಂಡು ಸಿಗಬೇಕು. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವು, ಚಿಟಿಕೆ ಇಂಗು, ಅರಿಸಿನ. ಹಸಿಮೆಣಸಿನಕಾಯಿ ಮೂರು, ಬೆರಳುದ್ದ ಶುಂಠಿ, ಒಂದು ಹಿಡಿ ಕೊತ್ತಂಬರಿ, ಅರ್ಧ ನಿಂಬೆಹಣ್ಣಿನ ರಸ. ಉಪ್ಪು ಎಷ್ಟು? ಅಜ್ಜಿಯ ಮೂರು ಬೆರಳಿಗೆ ಬಂದಷ್ಟು ಎರಡು ಸಲ. ಎಂಟನೇ ಕ್ಲಾಸು ಅದನ್ನು ಚಮಚದಲ್ಲಿ ಅಳೆದು, ಒಂದು ಚಹಾ ಚಮಚ ಅಂತ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕಲೆಸಿ ದೊಡ್ಡ ಗೋಲಿಯಷ್ಟು ಇಪ್ಪತ್ನಾಲ್ಕು ಉಂಡೆ. ನಾಲ್ಕನೇ ಕ್ಲಾಸು ಒಂದು ಉಂಡೆಯನ್ನು ಮುಷ್ಟಿಗಿಂತ ದೊಡ್ಡದು ಮಾಡಿ, “ಇದು ಕುರುಗೋಡಿನ ದೊಡ್ಡಬಸವೇಶ್ವರ!” ಅಂದ. ಅಲ್ಲಿಯ ಭಾರಿ ನಂದಿಯನ್ನು ನೋಡಿದವರಿಗೆ ಆ ಉಂಡೆಯ ಗಾತ್ರ ತಿಳಿಯುತ್ತದೆ. ಬೀಗತಿ ನಕ್ಕು ಅದನ್ನು ಮುರಿದು ಸಣ್ಣದು ಮಾಡಿಸಿದರು.

ಮೇಲಿನ ಹಿಟ್ಟಿಗೆ ಒಂದು ಬಟ್ಟಲು ಕಡ್ಲಿಹಿಟ್ಟು, ಎರಡು ಚಮಚ ಸಿರುಗುಪ್ಪದ ಅಕ್ಕಿ ಹಿಟ್ಟು, ಕುರುಗೋಡಿನ ಖಾರದ ಪುಡಿ, ಉಪ್ಪು, ಓಮ. ಅಕ್ಕಿ ಹಿಟ್ಟು ಗರಿಗರಿ ಮಾಡುತ್ತದೆ. ಹಿಟ್ಟು ಬೆರಳಿಗೆ ಅಂಟಿ ನಿಲ್ಲುವಷ್ಟು ಗಟ್ಟಿ. ಹಂಚು ಕಾದಮೇಲೆ ಗುಳಿಗೆ ನಾಲ್ಕು ಹನಿ ಎಣ್ಣೆ, ಹಿಟ್ಟಿನಲ್ಲಿ ಅದ್ದಿದ ಉಂಡೆ, ಸಣ್ಣ ಉರಿ. ಒಂದು ಕಡೆ ಕೆಂಪಾದಾಗ ಮರದ ಕಡ್ಡಿಯಿಂದ ತಿರುವಿ ಹಾಕುವುದು. ತಿರುವುವುದಕ್ಕೆ ನಡುಗುವ ಕೈಯೂ ಸಾಕು. ಎರಡನೇ ಹಂಚಿನ ಹೊತ್ತಿಗೆ ಎಂಟನೇ ಕ್ಲಾಸು ಕಡ್ಡಿ ಹಿಡಿದಿದ್ದಳು, ಅಜ್ಜಿ ಅವಳ ಮೊಣಕೈ ಹಿಡಿದಿದ್ದಳು. “ಈಗ... ಅಲ್ಲ, ಇನ್ನೊಂದು ಕ್ಷಣ ತಡಿ... ಹೂಂ, ಈಗ.” ಆ ‘ಈಗ’ ಯಾವ ಡಿಗ್ರಿಯ ಗುಂಡಿಯಲ್ಲೂ ಬರೆದಿರುವುದಿಲ್ಲ.

ಅದೇ ಹೊತ್ತಿಗೆ ಓವನ್ನಿನಲ್ಲಿ ಹೋಳುಗಳೂ ಬೇಯುತ್ತಿದ್ದವು. ಎಂಟನೇ ಕ್ಲಾಸು ಓವನ್ನಿಗೆ ಇಡುವ ಮುಂಚೆ ಬಟ್ಟಲನ್ನು ಅಜ್ಜಿಯ ಮುಂದೆ ಹಿಡಿದು, “ಅಜ್ಜಿ, ಉಪ್ಪು ಎಷ್ಟು?” ಅಂತ ಕೇಳಿದ್ದಳು. ಅಜ್ಜಿ ಮೂರು ಬೆರಳಿನಿಂದ ಉಪ್ಪು ಉದುರಿಸಿ, “ತಟ್ಟೆಯಾಗ ದೂರ ದೂರ ಜೋಡಿಸವ್ವ, ಬಸ್ಸು ಮಾಡಬ್ಯಾಡ” ಅಂದಳು. ಓವನ್ನಿನ ವಿದ್ಯೆಯೂ ಆಕೆಗೆ ಬಂದುಬಿಟ್ಟಿತ್ತು.

ನಿಮ್ಮ ಮನೆಯಲ್ಲೂ ಒಂದು ಭಾನುವಾರ ಹೀಗೆ ಮಾಡಿ ನೋಡಿ. ಓವನ್ ಇರಲೇಬೇಕು ಅಂತಿಲ್ಲ, ಪಡ್ಡಿನ ಹಂಚು ಸಾಕು. ಅದೂ ಇಲ್ಲದಿದ್ದರೆ ದೋಸೆ ಹಂಚಿನ ಮೇಲೆ ಉಂಡೆಯನ್ನು ಬಿಲ್ಲೆ ತಟ್ಟಿ ಬೇಯಿಸಿ. ಸಣ್ಣ ಮಕ್ಕಳು ದೊಡ್ಡವರು ಹತ್ತಿರ ಇಲ್ಲದೆ ಒಲೆ, ಓವನ್ ಮುಟ್ಟಬೇಡಿ. ಹಾಗೆಯೇ ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಉಪ್ಪು ಕೇಳದೆ ಹಾಕಬೇಡಿ.

ಕೊನೆಗೆ ಆ ದಿನದ ಲೆಕ್ಕ. ಮಾಡಿದ ಬೋಂಡಾ 24. ತಿನ್ನುವವರು ಎಂಟು ಮಂದಿ. ತಲೆಗೆ ಮೂರರಂತೆ ಏಳು ಮಂದಿಗೆ 21. ಸಕ್ಕರೆ ಕಾಯಿಲೆಯವನಿಗೆ, ಅಂದರೆ ನನಗೆ, 2. ಒಟ್ಟು 23. ತಟ್ಟೆಯಲ್ಲಿ ಒಂದು ಉಳಿಯಬೇಕು. ನೋಡಿದರೆ ತಟ್ಟೆ ಖಾಲಿ! ಬ್ಯಾಂಕಿನಲ್ಲಿ ಇಂಥ ಲೆಕ್ಕ ಸಿಗದಿದ್ದಾಗ ಅದನ್ನು ಸಸ್ಪೆನ್ಸ್ ಅಕೌಂಟ್ ಎಂಬ ಖಾತೆಯಲ್ಲಿ ಬರೆದಿಡುತ್ತಾರೆ, ಪತ್ತೆಯಾಗುವ ತನಕ. ನಾನೂ ಹಾಗೇ ಬರೆದೆ: ‘ಬೋಂಡಾ, 1.’

ನಾಲ್ಕನೇ ಕ್ಲಾಸು ಅಜ್ಜಿಯ ಮುಖ ನೋಡಿದ. “ಅಜ್ಜಿ, ಬೆಕ್ಕು ಮತ್ತೆ ಬಂದಿತ್ತೇನು?”

“ಬಂದಿತ್ತಪ್ಪ” ಅಂದಳು ಆಕೆ. “ಇವತ್ತು ಉಪ್ಪು ಸರಿ ಇತ್ತಂತೆ.”